ಅರೆಬರೆ ತೆರೆದ ಗಡಿ

ಗಡಿ ನಿಯಂತ್ರಣ ರೇಖೆಯಾಚೆಗಿನ ವ್ಯಾಪಾರ 2019ರ ಏಪ್ರಿಲ್‌ನಲ್ಲೇ ನಿಂತುಹೋಯಿತು. ಜಮ್ಮು–ಕಾಶ್ಮೀರದ ವರ್ತಕರಿಗೆ ಅದರ ಲೆಕ್ಕ ಮಾತ್ರ ಇನ್ನೂ ಚುಕ್ತಾ ಆಗಿಲ್ಲ. ಆ ವಹಿವಾಟಿಗೆ ಜಿಎಸ್‌ಟಿ ಕಟ್ಟಿ ಎಂದು ನೋಟಿಸ್‌ಗಳು ಬಂದವು. ಪಾಕ್ ಆಕ್ರಮಿತ ಪ್ರದೇಶವೂ ಜಮ್ಮು–ಕಾಶ್ಮೀರದ ಭಾಗವೇ ಆದ್ದರಿಂದ ಇದು ರಾಜ್ಯದೊಳಗಿನ ವ್ಯಾಪಾರ ಎಂದು ಅಲ್ಲಿನ ಹೈಕೋರ್ಟ್ 2025ರಲ್ಲಿ ಹೇಳಿತು. ತೆರಿಗೆ ಕೇಳುವಾಗ ಎರಡೂ ಕಡೆ ಒಂದೇ ರಾಜ್ಯ. ವ್ಯಾಪಾರ ಮಾಡುವಾಗ ಆ ಅನುಕೂಲ ಇತ್ತೇ?

2008ರ ಬೇಸಿಗೆಯಲ್ಲಿ ಅಮರನಾಥ ಭೂವಿವಾದ ಭುಗಿಲೆದ್ದು ಜಮ್ಮು ಹೆದ್ದಾರಿಗೆ ತಡೆ ಬಿದ್ದಾಗ, ಕಾಶ್ಮೀರ ಕಣಿವೆಯ ಹಣ್ಣು ಬೆಳೆಗಾರರು ಮತ್ತು ವರ್ತಕರು ರೇಖೆಯಾಚೆಗಿನ ಮುಜಫ್ಫರಾಬಾದ್‌ನತ್ತ ಹೊರಟರು. ಅದೇ ವರ್ಷದ ಅಕ್ಟೋಬರ್ 21ರಂದು ಉರಿ ಮತ್ತು ಪೂಂಚ್ ದಾರಿಗಳಲ್ಲಿ ಲಾರಿಗಳು ಗಡಿ ದಾಟಿ ವ್ಯಾಪಾರ ಶುರುವಾಯಿತು. 21 ಬಗೆಯ ಸರಕಿಗೆ ಅನುಮತಿ, ಸುಂಕವಿಲ್ಲ. ಆದರೆ ಹಣ ದಾಟುವಂತಿರಲಿಲ್ಲ. ಬ್ಯಾಂಕ್ ವ್ಯವಸ್ಥೆ ಇರಲಿಲ್ಲ. ಈ ಕಡೆಯಿಂದ ಆ ಕಡೆಗೆ ನೇರ ಫೋನ್ ಮಾಡುವಂತೆಯೂ ಇರಲಿಲ್ಲ. ಸರಕಿಗೆ ಸರಕು ಕೊಟ್ಟು ಲೆಕ್ಕ ಸರಿದೂಗಿಸಬೇಕಿತ್ತು.

ಹಣದ ಜಾಡೇ ಇಲ್ಲದ ಕಡೆ ಕಳ್ಳಲೆಕ್ಕ ಹುಟ್ಟುವುದು ಸಹಜ. ಸ್ಥಳೀಯ ಉತ್ಪನ್ನಕ್ಕೆಂದು ಇದ್ದ ಸುಂಕವಿನಾಯಿತಿಯಲ್ಲಿ ಕ್ಯಾಲಿಫೋರ್ನಿಯಾದ ಬಾದಾಮಿಯೂ ನುಸುಳಿದ ಆರೋಪ ಬಂತು. ಭಯೋತ್ಪಾದನೆಗೆ ಹಣ ಹರಿದ ಶಂಕೆಯ ಮೇಲೆ ಎನ್‌ಐಎ ತನಿಖೆಗಿಳಿಯಿತು. ಪುಲ್ವಾಮಾ ದಾಳಿಯ ನಂತರ ಪಾಕಿಸ್ತಾನದ ಸರಕಿನ ಮೇಲೆ ಶೇ 200ರಷ್ಟು ಸುಂಕ ಬಿದ್ದಾಗ, ಅದನ್ನು ತಪ್ಪಿಸಲು ಈ ದಾರಿ ಇನ್ನಷ್ಟು ದುರ್ಬಳಕೆಯಾದೀತು ಎಂದಿತು ಕೇಂದ್ರ. ಶಸ್ತ್ರ, ಮಾದಕವಸ್ತು, ಖೋಟಾನೋಟಿನ ಆತಂಕವನ್ನೂ ಮುಂದಿಟ್ಟು ವ್ಯಾಪಾರ ನಿಲ್ಲಿಸಿತು.

ಆತಂಕ ಸುಳ್ಳಲ್ಲ. ಆದರೆ ಕಠಿಣ ನಿಯಂತ್ರಣ ವ್ಯವಸ್ಥೆ ರೂಪಿಸಿದ ಮೇಲೆ ಮರಳಿ ತೆರೆಯುವುದನ್ನು ಪರಿಶೀಲಿಸುವುದಾಗಿ ಸರ್ಕಾರವೇ ಅಂದು ಹೇಳಿತ್ತು. ಆ ವ್ಯವಸ್ಥೆ ಬರಲಿಲ್ಲ, ಗೇಟು ತೆರೆಯಲಿಲ್ಲ. ನೆಗಡಿಗೆ ಮದ್ದು ಹುಡುಕದೆ ಮೂಗನ್ನೇ ಕೊಯ್ದಂತಾಯಿತು. ಪೆಟ್ಟು ತಿಂದವರು ಲಾರಿ ಚಾಲಕರು, ಹಮಾಲರು, ಸಾಲ ಮಾಡಿ ಸರಕು ಕಳಿಸಿದ ಸಣ್ಣ ವರ್ತಕರು. ಅತ್ತ ಕಳಿಸಿದ ಮಾಲಿಗೆ ಬದಲಿ ಮಾಲು ಬರುವ ಮೊದಲೇ ದಾರಿ ಮುಚ್ಚಿದರೆ, ನಷ್ಟಕ್ಕೆ ಯಾರ ಬಾಗಿಲು ತಟ್ಟಬೇಕು?

ಪಹಲ್ಗಾಮ್ ಹತ್ಯಾಕಾಂಡದ ಬಳಿಕ ಅಟ್ಟಾರಿ ಗಡಿಯೂ ಮುಚ್ಚಿದೆ. ಈಗ ವ್ಯಾಪಾರದ ಮಾತೆತ್ತುವುದೇ ಕಷ್ಟ. ಆದರೂ ಎಂದಾದರೊಂದು ದಿನ ಈ ಗಡಿ ತೆರೆದರೆ ಲಾರಿ ತಪಾಸಣೆಯ ಸ್ಕ್ಯಾನರ್, ಬ್ಯಾಂಕ್ ಖಾತೆ, ಸರಕಿನ ಮೂಲದ ದಾಖಲೆ ಮೊದಲ ದಿನದಿಂದಲೇ ಇರಬೇಕು. ಅಷ್ಟು ಮಾಡಲಾಗದಿದ್ದರೆ ತೆರೆಯುವುದೇ ಬೇಡ. ಅರೆಬರೆ ತೆರೆದ ಗಡಿ ಕಳ್ಳನಿಗೆ ಲಾಭ, ಪ್ರಾಮಾಣಿಕನಿಗೆ ನೋಟಿಸ್. ಸದ್ಯಕ್ಕೆ ಸರ್ಕಾರ ಮಾಡಬಹುದಾದದ್ದು ಒಂದಿದೆ: ತಾನೇ ಸುಂಕವಿಲ್ಲವೆಂದು ನಡೆಸಿದ ವ್ಯಾಪಾರದ ತೆರಿಗೆ ಬಾಕಿಯ ಹೊರೆಯಿಂದ ಈ ವರ್ತಕರನ್ನು ಬಿಡಿಸಲಿ.