ಸೆರಗಿಗೇ ಏಕೆ ಈ ಭಾರ?

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯನ್ನು ಗಂಡಸರ ಬಾಯಲ್ಲಿ ಕೇಳಿದಷ್ಟು ಹೆಂಗಸರ ಬಾಯಲ್ಲಿ ನಾನು ಕೇಳಿಲ್ಲ. ಆ ‘ಪರರು’ ಯಾರೆಂದು ಮಾತ್ರ ಯಾರೂ ಹೇಳುವುದಿಲ್ಲ.

ಮಧುಗಿರಿಯಿಂದ ಹಳ್ಳಿಯ ಶಾಲೆಗೆ ಮೊಪೆಡ್ಡಿನಲ್ಲಿ ಹೋಗುತ್ತಿದ್ದ ದಿನಗಳಲ್ಲಿ ಒಮ್ಮೆ ಸೆರಗು ಚಕ್ರಕ್ಕೆ ಸಿಕ್ಕಿ ಬಿದ್ದೆ. ಮೊಣಕೈ ಮುರಿಯಿತು. ವಾಸಿಯಾದ ಮೇಲೆ ಚೂಡಿದಾರ್ ತೊಟ್ಟು ಹೋದೆ. “ಟೀಚರಮ್ಮ ಅಂದ್ರೆ ಸೀರೆ ಮೇಡಂ, ಮಕ್ಕಳು ಏನು ಕಲಿತಾವೆ?” ಎಂದರು ಹಿರಿಯರೊಬ್ಬರು. ಹಾಗೆಂದವರು ಟೆರಿಕಾಟ್ ಪ್ಯಾಂಟಿನಲ್ಲಿದ್ದರು! ಅವರ ತಂದೆ ಕಚ್ಚೆಪಂಚೆ, ರುಮಾಲಿನವರು. ಪಂಚೆ ಹೋದಾಗ ಹಾಳಾಗದ ಸಂಸ್ಕೃತಿ ನನ್ನ ಸೆರಗು ಹೋದರೆ ಹಾಳಾಗುತ್ತದೆಯೆ?

ಪರಂಪರೆಯ ಮಾತೇ ಬರಲಿ. ಸಿರಾ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಹಿರಿಯ ಹೆಂಗಸರು ರವಿಕೆಯನ್ನೇ ತೊಡುತ್ತಿರಲಿಲ್ಲ. ಅವರನ್ನು ಮಾನಗೆಟ್ಟವರೆಂದು ಹೇಳುವ ಧೈರ್ಯ ಯಾರಿಗಿದೆ? ಇಂದು ‘ನಮ್ಮ ಸಂಪ್ರದಾಯ’ ಎನ್ನುವ ರವಿಕೆ, ಒಳಲಂಗಗಳೂ ಒಂದು ಕಾಲದ ಹೊಸ ಫ್ಯಾಷನ್ನೇ. ನಮ್ಮಜ್ಜಿ ಒಳಲಂಗವಿಲ್ಲದೆ 16 ಮೊಳದ ಸೀರೆ ಉಟ್ಟು, ಎತ್ತಿಕಟ್ಟಿ, ಪಾವಗಡದ ಕಡಲೆಕಾಯಿ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಅಮ್ಮ ನೈಲಾನ್ ಸೀರೆಗೆ ಬಂದಳು. ಬೆಡಗಿಗಲ್ಲ, ನೀರಿಲ್ಲದ ಊರಲ್ಲಿ ಒಂದು ಕೊಡ ನೀರಿಗೆ ಅದು ಒಗೆದು ಮುಗಿಯುತ್ತಿತ್ತು, ಬೇಲಿಯ ಮೇಲೆ ಗಳಿಗೆಯಲ್ಲಿ ಒಣಗುತ್ತಿತ್ತು.

ಬೆಡಗು ಇರಲಿಲ್ಲವೆಂದಲ್ಲ. 1994ರಲ್ಲಿ ‘ಹಮ್ ಆಪ್ಕೆ ಹೈ ಕೌನ್’ ಬಂದಾಗ ಮಾಧುರಿ ದೀಕ್ಷಿತರ ನೇರಳೆ ಸೀರೆಯ ರವಿಕೆಯಂಥದ್ದೇ ಬೇಕೆಂದು ಕೊರಟಗೆರೆಯ ನಮ್ಮ ದರ್ಜಿಯನ್ನು ಹುಡುಗಿಯರು ಪೀಡಿಸಿದ್ದರು. ಬೆನ್ನಿನ ಮೇಲೆ ನಾಲ್ಕು ಬೆರಳು ಬಟ್ಟೆ ಹೆಚ್ಚಿಗೆ ಇಟ್ಟು ಅವನು ಎಲ್ಲರ ಮಾನ ಉಳಿಸಿದ!

ಉಡುಪು ಬದಲಾಗುವುದು ಹೀಗೆ: ಸ್ವಲ್ಪ ಆಸೆಯಿಂದ, ಬಹಳಷ್ಟು ಕೆಲಸದಿಂದ. 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುಮಾಡಿತು. ಲಂಗ ದಾವಣಿಯಲ್ಲಿ ಪೆಡಲ್ ತುಳಿಯುವುದು ಎಷ್ಟು ಕಷ್ಟವೆಂದು ತುಳಿದವರನ್ನೇ ಕೇಳಿ. ಹುಡುಗಿ ಚೂಡಿದಾರ್ ತೊಟ್ಟು ಸೈಕಲ್ ಹತ್ತಿ ಹೈಸ್ಕೂಲು ಮುಗಿಸಿದಳೋ, ಇಲ್ಲ ದಾವಣಿ ತೊಟ್ಟು ಮನೆಯಲ್ಲೇ ಉಳಿದಳೋ? ನನಗೆ ಬೇಕಾದ ಲೆಕ್ಕ ಅದೊಂದೇ.

ಸೀರೆಯ ಮೇಲೆ ನನಗೇನೂ ಸಿಟ್ಟಿಲ್ಲ. ಮದುವೆಮನೆಗೆ ಇವತ್ತಿಗೂ ಇಷ್ಟಪಟ್ಟು ಉಡುತ್ತೇನೆ. ಸೀರೆಗಾಗಿ ಮರುಗುವವರು ನಮ್ಮ ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಗೆ ಹೋಗಿ, ನೇಕಾರರು ಕೈಮಗ್ಗದಲ್ಲಿ ನೇಯ್ದ ರೇಷ್ಮೆ ಸೀರೆಯೊಂದನ್ನು ಚೌಕಾಸಿ ಮಾಡದೆ ಕೊಂಡುತರಲಿ. ಬರುವಾಗ ಪೆಟ್ಟಿಗೆಯ ತಳದಲ್ಲಿರುವ ತಂದೆಯ ಪಂಚೆಯನ್ನೂ ಹುಡುಕಿ, ಕಚ್ಚೆ ಹಾಕಿ ಉಟ್ಟು ಬರಲಿ.

ಆಮೇಲೆ ಕೂತು ನನ್ನ ಚೂಡಿದಾರಿನ ವಿಷಯ ಮಾತಾಡೋಣ.