ಡಬ್ಬಿಗೆ ಖರ್ಜೂರದ ಬಾರ್: ಬೇಕೆ, ಬೇಡವೆ?

ಶಾಲೆಗಳಲ್ಲಿ ಸಕ್ಕರೆಯ ಬಗ್ಗೆ ಎಚ್ಚರಿಸುವ ‘ಶುಗರ್ ಬೋರ್ಡ್’ ಹಾಕಬೇಕೆಂದು ಸಿಬಿಎಸ್‌ಇ 2025ರಲ್ಲಿ ಸೂಚಿಸಿದ ಮೇಲೆ ಮಕ್ಕಳ ತಿಂಡಿ ಡಬ್ಬಿಯೊಳಗೆ ಇಣುಕುವವರು ಹೆಚ್ಚಾಗಿದ್ದಾರೆ. ಸಕ್ಕರೆ, ಬೆಲ್ಲ ಹಾಕದೆ, ಒಲೆಯನ್ನೂ ಹಚ್ಚದೆ, ಖರ್ಜೂರದ ಸಿಹಿಯಲ್ಲೇ ಶೇಂಗಾ, ಎಳ್ಳು, ಹುರಿಹಿಟ್ಟು ಕಲೆಸಿ ಕತ್ತರಿಸುವ ಬಾರ್‌ಗಳು ಹಲವು ಮನೆಗಳ ಫ್ರಿಜ್ಜಿನಲ್ಲಿ ಜಾಗ ಹಿಡಿದಿವೆ. ಇವನ್ನು ಮನೆಮಂದಿಯ ನಿತ್ಯದ ತಿಂಡಿ ಮಾಡಿಕೊಳ್ಳಬಹುದೆ?

ಪರ

ಪಾಕದ ಕಾಟ ತಪ್ಪಿತು, ಇನ್ನೇನು ಬೇಕು?

*(ಬ್ಯಾಂಕ್ ಉದ್ಯೋಗಿ, ಇಬ್ಬರು ಮಕ್ಕಳ ತಾಯಿ, ದಾವಣಗೆರೆ)*

ಖರ್ಜೂರದಲ್ಲಿ ನಾರಿದೆ, ಪೊಟ್ಯಾಸಿಯಂ ಇದೆ. ಅಂಗಡಿಯ ಕ್ರೀಮ್ ಬಿಸ್ಕತ್ತಿನಲ್ಲಿ ಮೈದಾ, ಸಕ್ಕರೆ, ತಾಳೆಎಣ್ಣೆ ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನಿಲ್ಲ. ಇಷ್ಟು ಎಲ್ಲರಿಗೂ ಗೊತ್ತಿದೆ. ಅದನ್ನೇ ಮತ್ತೆ ಬರೆದು ಸಂಪಾದಕರು ಕೊಟ್ಟ ಜಾಗ ಹಾಳು ಮಾಡುವುದಿಲ್ಲ. ನಾನು ಈ ಬಾರ್‌ಗಳ ಪರ ನಿಂತಿರುವುದಕ್ಕೆ ಬೇರೆಯೇ ಕಾರಣವಿದೆ. ಇದನ್ನು ಮಾಡಲು ಅಮ್ಮನೇ ಬೇಕೆಂದಿಲ್ಲ.

ಎಳ್ಳುಂಡೆ, ಮಂಡಕ್ಕಿ ಉಂಡೆ, ಅಂಟಿನುಂಡೆ, ಕಡೆಗೆ ಶೇಂಗಾ ಚಿಕ್ಕಿ, ಎಲ್ಲದರ ಜುಟ್ಟೂ ಪಾಕದ ಕೈಯಲ್ಲಿದೆ. ಬೆಲ್ಲ ನೊರೆಯುಕ್ಕಿ ಕುದಿಯುವಾಗ ಒಲೆಯ ಮುಂದಿನಿಂದ ಅಲ್ಲಾಡುವ ಹಾಗಿಲ್ಲ. ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟರೆ ಅದು ಕರಗದೆ ಬೆರಳ ತುದಿಯಲ್ಲಿ ಉಂಡೆಯಾಗಬೇಕು. ಸ್ವಲ್ಪ ಮೊದಲೇ ಇಳಿಸಿದರೆ ಉಂಡೆ ನಿಲ್ಲುವುದಿಲ್ಲ, ಸ್ವಲ್ಪ ತಡವಾದರೆ ಕುಟ್ಟಾಣಿ ತರಬೇಕು. ಪಾಕ ಗೆದ್ದರೂ ಮುಗಿಯಲಿಲ್ಲ. ಆರಿದರೆ ಕೂಡುವುದಿಲ್ಲವೆಂದು ಹೊಗೆಯಾಡುವ ಮಿಶ್ರಣಕ್ಕೇ ಕೈ ಇಟ್ಟು ಕಟ್ಟಬೇಕು. ನಾಗರ ಪಂಚಮಿಯ ಹಿಂದಿನ ದಿನ ನಮ್ಮ ಅತ್ತೆಯ ಅಂಗೈ ನೋಡಬೇಕು. ತುಪ್ಪ ಸವರಿಕೊಂಡಿದ್ದರೂ ಕೆಂಡದಂತೆ ಕೆಂಪಾಗಿರುತ್ತದೆ, ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಎದ್ದಿರುತ್ತದೆ. ಮರುದಿನ ಸೋಫಾದ ಮೇಲೆ ಕೂತವರು ಒಂದು ಉಂಡೆ ಕಡಿದು, ‘ಈ ಸಲ ಪಾಕ ಒಂಚೂರು ಏರಿದೆ’ ಎಂದು ತೀರ್ಪು ಕೊಡುತ್ತಾರೆ. ಹಾಗೆ ಹೇಳಿದವರ ಕೈಯಲ್ಲಿ ಬೊಬ್ಬೆ ಕಂಡವರು ಯಾರಾದರೂ ಇದ್ದರೆ ತಿಳಿಸಿ.

ಖರ್ಜೂರ ಬಂದು ಈ ಪಾಕವನ್ನೇ ಮನೆಯಾಚೆ ಹಾಕಿತು. ಸಿಹಿ ಅದರಲ್ಲೇ ಇದೆ, ಅಂಟೂ ಅದರಲ್ಲೇ ಇದೆ. ಬೆಂಕಿಯಿಲ್ಲ, ಕುದಿಯುವ ಬೆಲ್ಲವಿಲ್ಲ, ಹದ ತಿಳಿದ ಹಿರಿಯರೇ ಬೇಕೆಂಬ ಹಂಗಿಲ್ಲ. ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಈ ಕೆಲಸ ನಡೆಯುವಾಗ ನಾನು ಅಡುಗೆಮನೆಯಲ್ಲಿ ಇರುವುದೇ ಇಲ್ಲ.

ಕಾಲು ಕೆಜಿ ಮೆತ್ತನೆಯ ಖರ್ಜೂರ (ಉತ್ತತ್ತಿಯಲ್ಲ), ಅಂಗಡಿಯಿಂದಲೇ ಹುರಿದು ತಂದ ಶೇಂಗಾ ಒಂದು ದೊಡ್ಡ ಬಟ್ಟಲು, ರಾಗಿ ಹುರಿಹಿಟ್ಟು ಅರ್ಧ ಬಟ್ಟಲು, ಎಳ್ಳು ಎರಡು ಚಮಚ, ಒಂದು ಹಿಡಿ ಒಣಕೊಬ್ಬರಿ ತುರಿ, ಏಲಕ್ಕಿ, ಚಿಟಿಕೆ ಉಪ್ಪು. ಖರ್ಜೂರ ಬಿಡಿಸುವ ಕೆಲಸ ಮಗಳದ್ದು. ಒಂದೊಂದನ್ನೂ ಉದ್ದಕ್ಕೆ ಸೀಳಿ ಬೀಜ ತೆಗೆದು, ಒಳಗೆ ಹುಳವೋ ಬೂಷ್ಟೋ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಾಳೆ. ನಮ್ಮೆಲ್ಲರಿಗಿಂತ ಅವಳ ಕಣ್ಣು ಚುರುಕು. ಮಿಕ್ಸಿ ಮಗನದು, ಕಾವಲು ಅವರಪ್ಪನದು. ಮೊದಲು ಶೇಂಗಾವನ್ನು ಬಿಟ್ಟು ಬಿಟ್ಟು ತಿರುಗಿಸಿ ತರಿತರಿಯಾಗಿ ತೆಗೆದಿಡಬೇಕು. ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಆಮೇಲೆ ಖರ್ಜೂರ. ಅದು ಜಾರಿನೊಳಗೆ ಒಂದೇ ಉಂಡೆಯಾಗಿ ಸುತ್ತತೊಡಗಿ ಮಿಕ್ಸಿಯ ದನಿ ಗೊಗ್ಗರಾದ ಕೂಡಲೇ ನಿಲ್ಲಿಸಬೇಕು, ಇಲ್ಲವಾದರೆ ಮೋಟರು ಬಿಸಿಯಾಗಿ ತಳದ ಕೆಂಪು ಗುಂಡಿ ಹೊರಕ್ಕೆ ಚಿಮ್ಮುತ್ತದೆ. ಎಲ್ಲವನ್ನೂ ಪರಾತದಲ್ಲಿ ಸೇರಿಸಿ ನಾದುವಾಗ ಕೈಗೆ ಅಂಟಿದರೆ ಇನ್ನೊಂದಿಷ್ಟು ಹುರಿಹಿಟ್ಟು ಉದುರಿಸಿದರಾಯಿತು. ರಾಗಿ ಆ ಜಿಗುಟನ್ನು ಹೀರಿಕೊಳ್ಳುತ್ತದೆ, ಜತೆಗೆ ಹುರಿದ ಘಮವನ್ನೂ ಕೊಡುತ್ತದೆ. ತುಪ್ಪ ಸವರಿದ ತಟ್ಟೆಗೆ ಹಾಕಿ ಬಟ್ಟಲ ತಳದಿಂದ ಒತ್ತಿ, ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು ಕತ್ತರಿಸಿದರೆ ವಾರದ ಡಬ್ಬಿ ತಯಾರು.

ಇಲ್ಲಿ ಓಟ್ಸ್ ಇಲ್ಲ, ಚಿಯಾ ಇಲ್ಲ. ಖರ್ಜೂರ, ಏಲಕ್ಕಿ, ಉಪ್ಪು ಬಿಟ್ಟರೆ ಎಲ್ಲವೂ ನಮ್ಮ ಸುತ್ತಲ ಹೊಲ, ತೋಟಗಳಲ್ಲಿ ಬೆಳೆಯುವಂಥದ್ದೇ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ರಾಗಿ ಗಂಜಿ ಕಂಡರೆ ಮುಖ ತಿರುಗಿಸುವ ಹುಡುಗ ಅದೇ ರಾಗಿಯನ್ನು ಇಲ್ಲಿ ಕಣ್ಣುಮುಚ್ಚಿ ತಿನ್ನುತ್ತಾನೆ. ತಾನೇ ಮಾಡಿದ್ದಲ್ಲವೆ! ಮಕ್ಕಳು ಏನು ತಿನ್ನುತ್ತಾರೆ ಎನ್ನುವುದಕ್ಕಿಂತ ಯಾವುದಕ್ಕೆ ಕೈ ಹಾಕಿದ್ದಾರೆ ಎನ್ನುವುದು ಮುಖ್ಯ. ಅಡುಗೆ ಅಮ್ಮನ ಕೆಲಸ ಎಂದುಕೊಂಡೇ ಬೆಳೆದ ಗಂಡುಮಗನಿಗೆ ಮದುವೆಯಾದ ಮೇಲೆ ಪಾಠ ಹೇಳಲು ಹೊರಟರೆ ಉಪಯೋಗವಿಲ್ಲ. ಹತ್ತು ವರ್ಷದವನಿದ್ದಾಗಲೇ ಮಿಕ್ಸಿ ಜಾರು ತೊಳೆಯಲು ಕಲಿಯಲಿ. ಖರ್ಜೂರ ಅಂಟಿದ ಬ್ಲೇಡು ತೊಳೆಯುವುದೇನು ಸುಲಭವೆ? ಬಿಸಿನೀರಿನಲ್ಲಿ ನೆನೆಯಿಡಬೇಕು ಎಂಬುದನ್ನು ನನ್ನ ಮಗ ತಾನೇ ಕಂಡುಕೊಂಡ.

ಇನ್ನು ಆಕ್ಷೇಪಗಳು. ಇದು ಪರದೇಶದ ಶೋಕಿ ಎನ್ನುವವರಿದ್ದಾರೆ. ಗೋಕಾಕದ, ಅಮೀನಗಡದ ಕರದಂಟನ್ನು ತುಂಡು ಮಾಡಿ ಡಬ್ಬಿಗೆ ಹಾಕುವುದು ಶೋಕಿಯಲ್ಲ, ಬಾಣಂತಿಯ ಅಂಟಿನುಂಡೆಗೆ ಉತ್ತತ್ತಿ ಕುಟ್ಟಿ ಹಾಕುವುದು ಶೋಕಿಯಲ್ಲ, ಮಕ್ಕಳು ಖರ್ಜೂರ ರುಬ್ಬಿದರೆ ಮಾತ್ರ ಶೋಕಿಯೆ? ದುಬಾರಿ ಎನ್ನುವವರು ದೊಡ್ಡ ದೊಡ್ಡ ಮೆಡ್‌ಜೂಲ್ ಹಣ್ಣನ್ನೇ ಕೊಳ್ಳಬೇಕೆಂದು ತಿಳಿದಿದ್ದಾರೆ. ರಂಜಾನ್ ತಿಂಗಳಲ್ಲಿ ತಳ್ಳುಗಾಡಿಯಲ್ಲಿ ಸಿಗುವ ಸಾಮಾನ್ಯ ಖರ್ಜೂರ ಇದಕ್ಕೆ ಧಾರಾಳವಾಗಿ ಸಾಕು.

‘ಸಕ್ಕರೆ ಯಾವ ರೂಪದಲ್ಲಿದ್ದರೂ ಸಕ್ಕರೆಯೇ’ ಎಂಬ ಮಾತೂ ಬರುತ್ತದೆ. ಹೇಳುವವರು ಸಂಜೆ ಕಾಫಿಗೆ ಎಷ್ಟು ಚಮಚ ಹಾಕಿಕೊಳ್ಳುತ್ತಾರೆ ಎಂದು ಮೊದಲು ಕೇಳಿ. ಮಕ್ಕಳು ಲೆಕ್ಕವಿಲ್ಲದೆ ತಿನ್ನುತ್ತಾರೆ ಎನ್ನುವುದು ಮಾತ್ರ ನಿಜ. ನನ್ನ ಮಗ ಒಂದು ಸಂಜೆ ನಾಲ್ಕು ತುಂಡು ತಿಂದು ರಾತ್ರಿ ಊಟ ಬೇಡವೆಂದು ಮಲಗಿದ. ಅದಕ್ಕೇನಂತೆ? ಎರಡು ಪ್ಯಾಕೆಟ್ ಕುರುಕಲು ತಿಂದು ಮಲಗಿದ್ದರೆ ಚೆನ್ನಾಗಿರುತ್ತಿತ್ತೆ? ಆಮೇಲೆ ಡಬ್ಬಿಯನ್ನು ಮೇಲಿನ ಶೆಲ್ಫಿಗೆ ಏರಿಸಿದ್ದೇನೆ, ಅಷ್ಟೇ.

ಈ ಬಾರ್ ಔಷಧಿ ಎಂದು ನಾನೆಲ್ಲೂ ಹೇಳಿಲ್ಲ. ಸಿಹಿ ಮಾಡುವ ಹೊಣೆಯನ್ನು ಹೆಂಗಸಿನ ಹೆಗಲಿನಿಂದ ಇಳಿಸಿ ಮನೆಯವರೆಲ್ಲರ ನಡುವೆ ಇಟ್ಟ ತಿಂಡಿ ಇದು ಎನ್ನುತ್ತಿದ್ದೇನೆ. ಇಂಥ ಇನ್ನೊಂದು ತಿಂಡಿ ತೋರಿಸಿ, ನಾಳೆಯೇ ಖರ್ಜೂರ ಬಿಡುತ್ತೇನೆ.

ವಿರೋಧ

ಹಣ್ಣಾದರೂ ಅಳತೆ ಬೇಕು

*(ಆಹಾರತಜ್ಞೆ, ಮೈಸೂರು)*

ಈ ಬಾರ್‌ಗಳ ವಿರುದ್ಧ ಬರೆದುಕೊಡಲು ಸಂಪಾದಕರು ಕೇಳಿದ್ದಾರೆ. ನನ್ನ ಅಂಶಗಳು ಇವು.

ಮೊದಲನೆಯದು ಸಕ್ಕರೆಯ ಪ್ರಮಾಣ. ನೂರು ಗ್ರಾಂ ಖರ್ಜೂರದಲ್ಲಿ 63ರಿಂದ 66 ಗ್ರಾಂ ಸಕ್ಕರೆ, ಸುಮಾರು 280 ಕಿಲೊಕ್ಯಾಲೊರಿ ಇರುತ್ತದೆ. ಅರ್ಧದಷ್ಟು ಖರ್ಜೂರ ಹಾಕಿದ 30 ಗ್ರಾಂ ಬಾರ್‌ನಲ್ಲಿ ಹತ್ತಿರಹತ್ತಿರ 10 ಗ್ರಾಂ, ಅಂದರೆ ಎರಡೂವರೆ ಟೀ ಚಮಚ ಸಕ್ಕರೆ. ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ 1,700 ಕಿಲೊಕ್ಯಾಲೊರಿ ಬೇಕೆಂದು ಐಸಿಎಂಆರ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆ (ಎನ್‌ಐಎನ್) 2020ರಲ್ಲಿ ಹೇಳಿದೆ. ಮುಕ್ತ ಸಕ್ಕರೆ ದಿನದ ಶಕ್ತಿಯ ಶೇ 10ಕ್ಕಿಂತ ಕಡಿಮೆ ಇರಬೇಕು, ಶೇ 5ಕ್ಕಿಂತ ಕಡಿಮೆಯಾದರೆ ಮತ್ತೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಸೂಚನೆ. ಈ ಮಗುವಿಗೆ ಶೇ 5 ಎಂದರೆ ಸುಮಾರು 21 ಗ್ರಾಂ. ಎರಡು ಬಾರ್ ತಿಂದರೆ ಅಷ್ಟೂ ಮುಗಿಯಿತು.

ಇಲ್ಲೊಂದು ತಾಂತ್ರಿಕ ವಿಷಯ ಹೇಳಬೇಕು. ಇಡೀ ಹಣ್ಣಿನಲ್ಲಿರುವ ಸಕ್ಕರೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಮುಕ್ತ ಸಕ್ಕರೆ ಎಂದು ಎಣಿಸುವುದಿಲ್ಲ. ಬೆಲ್ಲ, ಜೇನುತುಪ್ಪ, ಹಣ್ಣಿನ ರಸ ಆ ಲೆಕ್ಕಕ್ಕೆ ಸೇರುತ್ತವೆ. ಬ್ರಿಟನ್ನಿನಲ್ಲಾದರೆ ರುಬ್ಬಿ ಪೇಸ್ಟ್ ಮಾಡಿದ ಹಣ್ಣಿನ ಸಕ್ಕರೆಯನ್ನೂ ಮುಕ್ತ ಸಕ್ಕರೆಗೆ ಸೇರಿಸುತ್ತಾರೆ, ರುಬ್ಬಿದಾಗ ಹಣ್ಣಿನ ಒಳರಚನೆ ಒಡೆಯುತ್ತದೆ ಎಂಬ ಕಾರಣಕ್ಕೆ. ಮಿಕ್ಸಿಗೆ ಹಾಕಿದ ಖರ್ಜೂರಕ್ಕೆ ನಾನು ಬ್ರಿಟನ್ನಿನ ಲೆಕ್ಕವನ್ನೇ ಒಪ್ಪುತ್ತೇನೆ. ಆದರೆ ಬೆಲ್ಲದ ಉಂಡೆ ಎರಡೂ ಲೆಕ್ಕದಲ್ಲಿ ಸೋಲುತ್ತದೆ ಎಂಬುದನ್ನೂ ಬರೆಯದೆ ಇರಲಾಗುವುದಿಲ್ಲ.

ಎರಡನೆಯದು ಹಲ್ಲು. ಖರ್ಜೂರದ ಅಂಟು ದವಡೆ ಹಲ್ಲಿನ ಗೀರುಗಳಲ್ಲಿ ಕೂತುಬಿಡುತ್ತದೆ. ಶಾಲೆಯ ಸಣ್ಣ ಬಿಡುವಿನಲ್ಲಿ ತಿಂದ ಮಗು ಬಾಯಿ ಮುಕ್ಕಳಿಸದೆ ತರಗತಿಗೆ ಓಡುತ್ತದೆ. ಊಟದ ಜತೆಗೆ ತಿಂದರೆ ಇಷ್ಟು ತೊಂದರೆಯಿಲ್ಲ.

ಮೂರನೆಯದು ಮನೆಯ ಹಿರಿಯರು. ‘ಸಕ್ಕರೆ ಹಾಕಿಲ್ಲ’ ಎಂಬ ಒಂದು ಮಾತು ಕೇಳಿ ಮಧುಮೇಹವಿರುವ ತಾತ ಕಾಫಿಯ ಜತೆ ಎರಡು ತುಂಡು ತಿನ್ನುತ್ತಾರೆ. ಕಾಫಿಗೆ ಸಕ್ಕರೆ ಬಿಟ್ಟ ಶಿಸ್ತೆಲ್ಲ ಅಲ್ಲಿಗೆ ನೀರುಪಾಲು. ಮನೆಮಂದಿಗೆಲ್ಲ ಒಂದೇ ತಿಂಡಿ ಎಂಬ ಮಾತಿಗೆ ನನ್ನ ಮುಖ್ಯ ತಕರಾರು ಇದೇ. ತಿಂಡಿ ಒಂದೇ ಆದರೂ ಅಳತೆ ಒಂದೇ ಆಗಲಾರದು.

ನಾಲ್ಕನೆಯದು, ಇಡೀ ಹಣ್ಣು ಇರುವಾಗ ಇದು ಏಕೆ ಎಂಬ ಪ್ರಶ್ನೆ. ನೂರು ಗ್ರಾಂ ಸೀಬೆಹಣ್ಣಿನಲ್ಲಿ ಸಕ್ಕರೆ ಸುಮಾರು 9 ಗ್ರಾಂ, ನಾರು ಸುಮಾರು 5 ಗ್ರಾಂ, ಉಳಿದದ್ದು ಬಹುಪಾಲು ನೀರು. ಅಗಿಯಲು ಹೊತ್ತು ಹಿಡಿಯುತ್ತದೆ, ಹೊಟ್ಟೆಯೂ ತುಂಬುತ್ತದೆ. ಸೀಬೆಹಣ್ಣು ಡಬ್ಬಿಯಲ್ಲಿ ಕಂದಿ ಹಾಗೆಯೇ ಮನೆಗೆ ವಾಪಸು ಬರುತ್ತದೆ ಎಂದು ತಾಯಂದಿರು ಹೇಳುತ್ತಾರೆ. ಅದಕ್ಕೆ ನನ್ನ ಬಳಿ ಒಳ್ಳೆಯ ಉತ್ತರವಿಲ್ಲ.

ಐದನೆಯದು, ಒಲೆ ಬೇಡ ಎಂಬ ಹೊಗಳಿಕೆ. ಹುರಿದ ಶೇಂಗಾ ಮತ್ತು ಬೆಲ್ಲವನ್ನು ಒಟ್ಟಿಗೆ ಕುಟ್ಟಿ ಕಟ್ಟುವ ಉಂಡೆಗೂ ಪಾಕ ಬೇಕಿಲ್ಲ. ಹುರಿಹಿಟ್ಟಿಗೆ ಬಾಳೆಹಣ್ಣು ಕಿವುಚಿ ಕಲೆಸಿ ಕೊಡುವುದು ನಮ್ಮಲ್ಲಿ ಮೊದಲಿನಿಂದಲೂ ಇದೆ. ಆದ್ದರಿಂದ ಇದನ್ನು ಹೊಸ ಆವಿಷ್ಕಾರವೆಂದು ಮೆರೆಸಬೇಕಾಗಿಲ್ಲ.

ಆರನೆಯದು ಸುರಕ್ಷತೆ. ಇಡೀ ಶೇಂಗಾ, ಬಾದಾಮಿ ಚೂರುಗಳಿರುವ ಬಾರ್ ಅನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಅಂಟಿಗೆಂದು ಜೇನುತುಪ್ಪ ಸೇರಿಸುವವರಿದ್ದಾರೆ, ಒಂದು ವರ್ಷದೊಳಗಿನ ಮಗುವಿಗೆ ಜೇನು ಬೇಡವೇ ಬೇಡ. ಶಾಲೆಯಲ್ಲಿ ಹಂಚಿ ತಿನ್ನುವ ಮುನ್ನ ಶೇಂಗಾ ಒಗ್ಗದ ಮಕ್ಕಳಿದ್ದಾರೆಯೇ ಎಂದು ವಿಚಾರಿಸಿ. ಖರ್ಜೂರ ಗಟ್ಟಿಯಿದೆಯೆಂದು ನೀರಿನಲ್ಲಿ ನೆನೆಸಿದರೆ ಬಾರ್ ಬೇಗ ಕೆಡುತ್ತದೆ. ಮಳೆಗಾಲದಲ್ಲಿ ಫ್ರಿಜ್ಜಿನ ಹೊರಗೆ ಇಡಲೇಬೇಡಿ.

ಈ ಕಾರಣಗಳಿಂದ ನಿತ್ಯದ ತಿಂಡಿಯಾಗಿ ಖರ್ಜೂರದ ಬಾರ್ ಬೇಡ ಎಂಬುದು ನನ್ನ ಉತ್ತರ. ಮಾಡಲೇಬೇಕು ಎನ್ನುವವರು ಖರ್ಜೂರವನ್ನು ಮೂರನೇ ಒಂದು ಪಾಲಿಗೆ ಇಳಿಸಿ, ಶೇಂಗಾ ಮತ್ತು ಹುರಿಹಿಟ್ಟು ಏರಿಸಿ. ಎರಡು ಬೆರಳಗಲದ ತುಂಡು ಮಾಡಿ, ಒಬ್ಬರಿಗೆ ಒಂದೇ ಎಂದು ಎಣಿಸಿ, ಊಟದ ಜತೆಗೆ ಕೊಡಿ, ಆಮೇಲೆ ಬಾಯಿ ಮುಕ್ಕಳಿಸಲು ಹೇಳಿ. ನನ್ನ ಬಳಿ ಸಲಹೆಗೆ ಬರುವ, ಬಿಸ್ಕತ್ತು ಬಿಡದ ಮಕ್ಕಳಿಗೆ ನಾನು ಬರೆದುಕೊಡುವುದೂ ಇದನ್ನೇ.