ನಾನು ಗೆದ್ದಿದ್ದು ಯಾವ ತಾಲ್ಲೂಕಲ್ಲಿ, ತಾತ?

ನನ್ನ ಮಗಳ ಮಗಳು ಈಗ ಒಂಬತ್ತನೇ ಕ್ಲಾಸು. ಸರಗೂರಿನ ಹತ್ತಿರದ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಗೆ ಹೋಗುತ್ತಾಳೆ. ಹೋದ ವಾರ ಎಂಟುನೂರು ಮೀಟರ್ ಓಟದಲ್ಲಿ ಮೊದಲನೆಯವಳಾಗಿ ಬಂದು, ಪ್ರಶಸ್ತಿ ಪತ್ರವನ್ನು ನನ್ನ ತೊಡೆಯ ಮೇಲಿಟ್ಟಳು. ‘ಹೆಗ್ಗಡದೇವನಕೋಟೆ ತಾಲ್ಲೂಕು ಮಟ್ಟದ ಕ್ರೀಡಾಕೂಟ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಆಮೇಲೆ ಚೀಲದಿಂದ ತನ್ನ ಆಧಾರ್ ಕಾರ್ಡ್ ತೆಗೆದು ಪಕ್ಕದಲ್ಲಿಟ್ಟಳು. ಅದರಲ್ಲಿ ‘ಸರಗೂರು ತಾಲ್ಲೂಕು’ ಎಂದಿತ್ತು.

“ನಾನು ಗೆದ್ದಿದ್ದು ಯಾವ ತಾಲ್ಲೂಕಲ್ಲಿ, ತಾತ?”

ಬ್ಯಾಂಕಿನಲ್ಲಿ ಜೀವಮಾನವೆಲ್ಲ ಲೆಡ್ಜರ್ ಬರೆದವನು ನಾನು. ಎರಡು ಕಾಗದದಲ್ಲಿ ಎರಡು ಥರ ಇದ್ದರೆ ನನಗೆ ಊಟ ಸೇರುವುದಿಲ್ಲ. ಅದನ್ನು ಬಿಡಿಸಿ ಹೇಳಲು ಹೋಗಿ, ಆ ಸಂಜೆ ಪೂರ್ತಿ ನಮ್ಮ ನಾಲ್ಕು ತಾಲ್ಲೂಕುಗಳ ಕಥೆಯೇ ಆಯಿತು.

ಮಕ್ಕಳೇ, ಸರ್ಕಾರದ ಬಳಿ ಒಂದೇ ನಕ್ಷೆ ಇರುವುದಿಲ್ಲ. ಪಹಣಿ, ಕಂದಾಯ ನೋಡಿಕೊಳ್ಳುವ ತಹಸೀಲ್ದಾರರ ನಕ್ಷೆ ಒಂದು. ಶಾಲೆಗಳನ್ನು ನೋಡಿಕೊಳ್ಳುವ ಕ್ಷೇತ್ರ ಶಿಕ್ಷಣಾಧಿಕಾರಿಗಳ ನಕ್ಷೆ ಇನ್ನೊಂದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ಸೇರಿ ಹುಣಸೂರು ಉಪವಿಭಾಗ. 2017ರ ಬಜೆಟ್ಟಿನಲ್ಲಿ ಹೊಸ ತಾಲ್ಲೂಕುಗಳ ದೊಡ್ಡ ಪಟ್ಟಿ ಬಂದಾಗ ಕೋಟೆಯಿಂದ ಸರಗೂರು ಬೇರೆಯಾಯಿತು. ಆಮೇಲೆ ಕೆ.ಆರ್. ನಗರದಿಂದ ಸಾಲಿಗ್ರಾಮ ಬೇರೆಯಾಯಿತು. ಆದರೆ ತಾಲ್ಲೂಕು ಆಯಿತೆಂದರೆ ಎಲ್ಲ ಕಚೇರಿಯೂ ಮಾರನೇ ದಿನವೇ ಬಂದು ಕೂರುವುದಿಲ್ಲ. ತಹಸೀಲ್ದಾರರು ಮೊದಲು ಬಂದರು, ಶಿಕ್ಷಣ ಇಲಾಖೆ ಹಳೆಯ ವಲಯದಲ್ಲೇ ಉಳಿಯಿತು. ಹಾಗಾಗಿ ನಮ್ಮ ಹುಡುಗಿಯ ಮನೆ ಸರಗೂರು ತಾಲ್ಲೂಕಿನಲ್ಲಿ, ಓಟ ಕೋಟೆ ತಾಲ್ಲೂಕಿನಲ್ಲಿ! ಇದಕ್ಕೆ ತಿರುಗಾಮುರುಗಾ ಇರುವುದು ಮೈಸೂರು. ಅಲ್ಲಿ ತಾಲ್ಲೂಕು ಒಂದೇ ಆದರೂ ಶಿಕ್ಷಣ ಇಲಾಖೆಗೆ ಉತ್ತರ, ದಕ್ಷಿಣ, ಗ್ರಾಮಾಂತರ ಎಂದು ಮೂರು ವಲಯ.

“ಹಾಗಾದರೆ ಸರಗೂರಿಗೇ ಬೇರೆ ಕೂಟ ಮಾಡಿದರೆ ಒಳ್ಳೇದಲ್ವಾ?” ಎಂದಳು. ಒಳ್ಳೆಯದೇ, ಜಿಲ್ಲೆಗೆ ಹೋಗುವ ಮಕ್ಕಳ ಸಂಖ್ಯೆ ಹೆಚ್ಚುತ್ತದೆ. “ಆದರೆ ಆಗ ನೀನು ಹಂಪಾಪುರದವರ ಜೊತೆ, ಅಂತರಸಂತೆಯವರ ಜೊತೆ ಓಡೋದಿಲ್ಲವಲ್ಲ” ಎಂದೆ. ಸ್ವಲ್ಪ ಹೊತ್ತು ಸುಮ್ಮನಾದಳು. ಈ ಸಲ ಕೊನೆಯ ತಿರುವಿನವರೆಗೂ ಅವಳನ್ನು ಬಿಡದೆ ಓಡಿದವಳು ಅಂತರಸಂತೆ ಹೋಬಳಿಯ ಹುಡುಗಿಯಂತೆ. ಓಟ ಮುಗಿದ ಮೇಲೆ ಇಬ್ಬರೂ ಒಂದೇ ಬಾಟಲಿ ನೀರು ಕುಡಿದರಂತೆ.

ಯಾರ ಜೊತೆ ಯಾರು ಓಡಬೇಕು ಎನ್ನುವುದು ಹೀಗೆ ಬದಲಾಗುವುದು ಇದೇ ಮೊದಲಲ್ಲ. 1939ಕ್ಕೆ ಮುಂಚೆ ಮಂಡ್ಯದ ಕಡೆಯ ತಾಲ್ಲೂಕುಗಳೂ ಮೈಸೂರು ಜಿಲ್ಲೆಯವೇ. ಆ ವರ್ಷ ಮಂಡ್ಯ ಬೇರೆ ಜಿಲ್ಲೆಯಾಯಿತು. 1956ರಲ್ಲಿ ಭಾಷಾವಾರು ಪ್ರಾಂತ್ಯಗಳಾದಾಗ, ಅಲ್ಲಿಯವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ನಮಗೆ ಸೇರಿತು. ನಾನು ಹುಣಸೂರಿನಲ್ಲಿ ಹೈಸ್ಕೂಲು ಓದುವಾಗ ಮೈಸೂರು ಜಿಲ್ಲೆ ಎಂದರೆ ಹನ್ನೊಂದು ತಾಲ್ಲೂಕು. ನಮ್ಮ ಕ್ಲಾಸಿನ ಗುಂಡು ಎಸೆಯುವ ಹುಡುಗ ಜಿಲ್ಲಾ ಕೂಟಕ್ಕೆ ಹೋಗಿ ಬಂದು, ಕೊಳ್ಳೇಗಾಲದವರ ತೋಳಿನ ಸುತ್ತಳತೆಯನ್ನು ನಮಗೆಲ್ಲ ಕೈಯಲ್ಲಿ ಮಾಡಿ ತೋರಿಸಿದ್ದ. 1997ರಲ್ಲಿ ಚಾಮರಾಜನಗರ ಜಿಲ್ಲೆಯಾದಾಗ ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರು, ಕೊಳ್ಳೇಗಾಲ ನಾಲ್ಕೂ ಹೊರಟುಹೋದವು, ಏಳು ಉಳಿದವು. ಹಾಗಂತ ಪೂರ್ತಿ ಬಿಟ್ಟುಹೋಗಲಿಲ್ಲ. ಹೋಬಳಿ, ತಾಲ್ಲೂಕು, ಜಿಲ್ಲೆ ದಾಟಿದರೆ ಮುಂದೆ ಮೈಸೂರು ವಿಭಾಗ ಮಟ್ಟ. ಮಂಡ್ಯ, ಚಾಮರಾಜನಗರ, ಹಾಸನ, ಕೊಡಗು, ಕರಾವಳಿ ಎಲ್ಲರೂ ಅಲ್ಲಿ ಸಿಗುತ್ತಾರೆ. ಅದರಾಚೆ ರಾಜ್ಯ, ಅದರಾಚೆ ರಾಷ್ಟ್ರಮಟ್ಟ. ವಿಭಾಗ ಮಟ್ಟದಲ್ಲಿ ಮೂಡುಬಿದಿರೆ ಕಡೆಯ ಮಕ್ಕಳು ಬಂದು ನಿಂತರೆ ನಮ್ಮವರಿಗೆ ಎದೆ ಡವಡವ ಅನ್ನುತ್ತದೆ. ಅದು ಬೇರೆ ಮಾತು.

ನಮ್ಮ ಕಾಲದಲ್ಲಿ ಹೋಬಳಿ ಮಟ್ಟದ ಕೂಟ ಎಂಬುದನ್ನು ನಾವು ಕಾಣಲಿಲ್ಲ. ಹೋಬಳಿಗೆ ಒಂದಾದರೂ ಹೈಸ್ಕೂಲು ಇದ್ದರೆ ತಾನೇ? ನಮ್ಮ ಗಾವಡಗೆರೆ ಕಡೆಯ ಮಕ್ಕಳೆಲ್ಲ ಹುಣಸೂರಿಗೇ ಬರಬೇಕಿತ್ತು. ಇದ್ದ ಕೆಲವೇ ಶಾಲೆಗಳು ಒಂದು ದಿನ ಸೇರುತ್ತಿದ್ದವು, ಅದೇ ತಾಲ್ಲೂಕು ಕೂಟ. ಹುಡುಗಿಯರಿಗೆ ಚಮಚದಲ್ಲಿ ನಿಂಬೆಹಣ್ಣು, ಮ್ಯೂಸಿಕಲ್ ಚೇರು, ಮುಗಿಯಿತು.

ಈ ಶಾಲೆಗಳ ಹೆಸರಿನ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೇನೆ. ಇಷ್ಟು ವರ್ಷ ಮನೆಯಲ್ಲೂ ಹೇಳಿರಲಿಲ್ಲ.

ಎಪ್ಪತ್ತರ ದಶಕದ ನಡುವೆ, ನಾನು ಕೆಲಸಕ್ಕೆ ಸೇರಿದ ಹೊಸತು. ನಮ್ಮ ಬ್ರಾಂಚ್ ಇದ್ದ ಊರಿನಲ್ಲಿ ತಾಲ್ಲೂಕು ಕೂಟ ನಡೆಯಿತು. ಪಿ.ಟಿ. ಮೇಷ್ಟ್ರು ಕೌಂಟರಿಗೆ ಬಂದು, “ನೀವು ಲೆಕ್ಕದವರು, ಭಾನುವಾರ ಬಂದು ಅಂಕದ ಪಟ್ಟಿ ನೋಡಿಕೊಳ್ಳಿ ಸ್ವಾಮಿ” ಎಂದರು. ಮೊದಲನೆಯವರಿಗೆ ಐದು, ಎರಡನೆಯವರಿಗೆ ಮೂರು, ಮೂರನೆಯವರಿಗೆ ಒಂದು. ಇದೇನು ಮಹಾ ಎಂದುಕೊಂಡು ಪೆಂಡಾಲಿನ ಕೆಳಗೆ ಮೇಜು ಹಾಕಿಸಿಕೊಂಡು ಕುಳಿತೆ. ಚೀಟಿಗಳು ಬಂದಂತೆ ಬರೆದೆ. ಸಂಜೆ ಕೂಡಿಸಿ, ಸಮಗ್ರ ಪ್ರಶಸ್ತಿ ಇಂಥ ಶಾಲೆಗೆ ಎಂದೆ. ಚಪ್ಪಾಳೆಯಾಯಿತು, ಶೀಲ್ಡ್ ಎತ್ತಿಕೊಂಡು ಆ ಮಕ್ಕಳು ಬಸ್ಸು ಹತ್ತಿ ತಮ್ಮ ಊರಿಗೆ ಹೋದರು.

ಮೇಜು ಎತ್ತಿಡುವಾಗ ಒಬ್ಬ ಪುಟ್ಟ ಹುಡುಗ ಬಂದು ನಿಂತ. “ಸಾರ್, ಇದೂ ನಮ್ಮ ಸ್ಕೂಲೇ, ಇದೂ ನಮ್ಮ ಸ್ಕೂಲೇ” ಎಂದು ಪಟ್ಟಿಯಲ್ಲಿ ಎರಡು ಕಡೆ ಬೆರಳಿಟ್ಟ. ಆ ಕಾಲದಲ್ಲಿ ಪೇಟೆಗಳ ಹೈಸ್ಕೂಲುಗಳಿಗೆ ಪಿ.ಯು.ಸಿ. ಸೇರಿಸಿ ಜೂನಿಯರ್ ಕಾಲೇಜು ಮಾಡುತ್ತಿದ್ದರು. ಅವನ ಶಾಲೆಗೂ ಹಾಗೆಯೇ ಆಗಿತ್ತು. ಬೆಳಗಿನ ಚೀಟಿಗಳಲ್ಲಿ ಹಳೆಯ ಹೆಸರು, ಮಧ್ಯಾಹ್ನದ ಚೀಟಿಗಳಲ್ಲಿ ‘ಜೂನಿಯರ್ ಕಾಲೇಜ್’. ಒಬ್ಬನೇ ಗಿರಾಕಿಗೆ ಎರಡು ಖಾತೆ ತೆರೆದಂತೆ ನಾನು ಒಂದೇ ಶಾಲೆಯನ್ನು ಎರಡು ಸಾಲಿನಲ್ಲಿ ಬರೆದಿದ್ದೆ. ಕೂಡಿಸಿದರೆ ಶೀಲ್ಡ್ ಅವರದು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರನೇ ಬೆಳಿಗ್ಗೆ ಮೊದಲ ಬಸ್ಸಿಗೇ ಪಿ.ಟಿ. ಮೇಷ್ಟ್ರ ಜೊತೆ ಆ ಇನ್ನೊಂದು ಊರಿಗೆ ಹೋದೆ. ಹೆಡ್‌ಮೇಷ್ಟ್ರು ಪಟ್ಟಿ ಪೂರ್ತಿ ನೋಡಿದರು. ಒಂದು ಮಾತೂ ಗದರಲಿಲ್ಲ. ಕಾಫಿ ತರಿಸಿದರು. ಶೀಲ್ಡನ್ನು ಪ್ರಾರ್ಥನೆಯ ಸಮಯದಲ್ಲಿ ಮಕ್ಕಳಿಗೆ ತೋರಿಸಬೇಕೆಂದು ಮೇಜಿನ ಮೇಲೇ ಇಟ್ಟಿದ್ದರು. ಅದನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, “ಇದನ್ನು ಮಕ್ಕಳಿಗೆ ನೀವೇ ಹೇಳಿಬಿಡಿ, ನನ್ನ ಕೈಯಲ್ಲಿ ಆಗೋಲ್ಲ” ಎಂದರು. ಸಾಲಾಗಿ ನಿಂತ ಮಕ್ಕಳ ಮುಂದೆ ನಾನು ಹೇಳಿದೆ. ಏನು ಹೇಳಿದೆನೋ ನೆನಪಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬ ಹುಡುಗ ಬಗ್ಗಿ ತನ್ನ ಕಾಲಿನ ಬ್ಯಾಂಡೇಜ್ ಸರಿಮಾಡಿಕೊಳ್ಳುತ್ತಲೇ ಇದ್ದ, ತಲೆ ಎತ್ತಲಿಲ್ಲ. ಅದೊಂದು ನೆನಪಿದೆ.

ಆಮೇಲೆ ಹೆಸರುಗಳು ಇನ್ನೂ ಬದಲಾದವು. ಬೋರ್ಡ್ ಹೈಸ್ಕೂಲು ಎಂದು ಕರೆಯುತ್ತಿದ್ದುದು ಸರ್ಕಾರಿ ಪ್ರೌಢಶಾಲೆಯಾಯಿತು. ಹೋಬಳಿ ಕೇಂದ್ರಗಳಲ್ಲಿ, ಬರಬರುತ್ತಾ ದೊಡ್ಡ ಹಳ್ಳಿಗಳಲ್ಲೂ ಪ್ರೌಢಶಾಲೆ ಬಂದವು. ಹನಗೋಡು, ಬಿಳಿಕೆರೆ, ಬೆಟ್ಟದಪುರ, ರಾವಂದೂರು, ಮಿರ್ಲೆ, ಹೀಗೆ ಹೋಬಳಿಗೊಂದು ಕೂಟ ಮಾಡದೆ ವಿಧಿಯಿಲ್ಲ ಎನ್ನುವಷ್ಟು ಶಾಲೆಗಳಾದವು. ಕೋಟೆಯ ಕಾಡಂಚಿನ ಹೊಸಹಳ್ಳಿಯಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟಿನವರು ಹಾಡಿಯ ಮಕ್ಕಳಿಗೆ ಶಾಲೆ ತೆರೆದರು. ಹಾಡಿಯ ಮಕ್ಕಳು ಗೆದ್ದಾಗಲೆಲ್ಲ “ಕಾಡಿನವರು ಓಡದೆ ಇರ್ತಾರಾ” ಎನ್ನುವವರನ್ನು ನಾನು ಕೇಳಿದ್ದೇನೆ. ಅದು ತಪ್ಪು ಮಾತು. ಬೆಳಗಿನ ಜಾವ ಎದ್ದು ಅಭ್ಯಾಸ ಮಾಡಿದವರು ಗೆಲ್ಲುತ್ತಾರೆ, ಅವರ ಮನೆ ಎಲ್ಲೇ ಇರಲಿ.

2006–07ರಲ್ಲಿ ಎಂಟನೇ ಕ್ಲಾಸಿನವರಿಗೆ ಸರ್ಕಾರ ಸೈಕಲ್ ಕೊಡಲು ಶುರುಮಾಡಿತಲ್ಲ, ಅದು ಕೂಟಕ್ಕೂ ಬಂತು. ಸಂಜೆಯ ಬಸ್ಸು ತಪ್ಪೀತೆಂದು ನಾಲ್ಕೂವರೆಗೇ ಓಡಿಹೋಗುತ್ತಿದ್ದ ಹೆಣ್ಣುಮಕ್ಕಳು ಇನ್ನೊಂದು ಗಂಟೆ ಮೈದಾನದಲ್ಲಿ ನಿಲ್ಲತೊಡಗಿದರು. ಹುಡುಗಿಯರ ಖೋಖೋ ತಂಡಗಳು ನಮ್ಮ ಕಡೆ ಗಟ್ಟಿಯಾದದ್ದು ಆಮೇಲೆಯೇ ಎಂದು ನನ್ನ ಲೆಕ್ಕ.

ಈಚೆಗೆ ಪಟ್ಟಿಯಲ್ಲಿ ಮೇಲೆ ಕಾಣುವುದು ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು. ಅಲ್ಲೇ ಊಟ, ಅಲ್ಲೇ ವಾಸ, ಬೆಳಿಗ್ಗೆ ಸಂಜೆ ಮೈದಾನ. “ಅವರ ಜೊತೆ ನಮ್ಮನ್ನು ಓಡಿಸೋದು ನ್ಯಾಯವಾ?” ಎಂದು ಹಳ್ಳಿ ಶಾಲೆಯ ಮೇಷ್ಟ್ರುಗಳು ಗೊಣಗುತ್ತಾರೆ. ಗೊಣಗಾಟದಲ್ಲಿ ಹುರುಳಿಲ್ಲವೆನ್ನಲಾರೆ. ಆಗಸ್ಟ್, ಸೆಪ್ಟೆಂಬರ್ ಎಂದರೆ ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪಿನ ಕಾಲ. ಮನೆಮಂದಿಯೆಲ್ಲ ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ರಾತ್ರಿಯೆಲ್ಲ ಬ್ಯಾರನ್ನಿಗೆ ಬೆಂಕಿ ಕಾಯುತ್ತಾರೆ. ಆ ಮನೆಯ ಹುಡುಗ ಬೆಳಿಗ್ಗೆ ಆರಕ್ಕೆ ಎದ್ದು ಎಲ್ಲಿ ಓಡಿಯಾನು? ಆದರೆ ವಸತಿ ಶಾಲೆಯ ಮಕ್ಕಳೇನು ಅರಮನೆಯಿಂದ ಬಂದವರೇ? ಅವರೂ ಇಂಥ ಮನೆಗಳವರೇ. ನನಗೆ ಚಿಂತೆಯಾಗುವುದು ಬೇರೆ. ಕಬಡ್ಡಿಗೆ ಅಂಗಳದಲ್ಲಿ ಏಳು ಜನ, ತಂಡಕ್ಕೆ ಹನ್ನೆರಡು. ಮೂರೂ ಕ್ಲಾಸು ಸೇರಿ ನಲವತ್ತು ಮಕ್ಕಳಿರುವ ಶಾಲೆಯಲ್ಲಿ ಹನ್ನೆರಡು ಹುಡುಗರನ್ನು ಹೊಂದಿಸುವುದೇ ಕಷ್ಟ, ಅದರಲ್ಲೂ ಪಿ.ಟಿ. ಮೇಷ್ಟ್ರು ಇಲ್ಲದಿದ್ದರೆ ಕೇಳುವುದೇ ಬೇಡ. ಅಂಥ ಶಾಲೆಯನ್ನು ಯಾರೂ ಕೂಟದಿಂದ ಹೊರಗೆ ಹಾಕುವುದಿಲ್ಲ. ಒಂದು ವರ್ಷ ಕಬಡ್ಡಿ ಬಿಡುತ್ತದೆ, ಮರುವರ್ಷ ರಿಲೇ ಬಿಡುತ್ತದೆ, ಮೂರನೇ ವರ್ಷ ಅದರ ಹೆಸರನ್ನು ಮೈಕಿನಲ್ಲಿ ಕೂಗುವುದೇ ಇಲ್ಲ. ನಮ್ಮ ಹುಡುಗಿಯ ಶಾಲೆಯಿಂದ ಈ ಸಲ ಹೋದವರು ಐದೇ ಮಂದಿ.

ಅಜ್ಜ ಅಜ್ಜಿಯರೇ, ನಿಮ್ಮ ಟ್ರಂಕಿನ ತಳದಲ್ಲಿ ಹಳೆಯ ಪ್ರಶಸ್ತಿ ಪತ್ರ ಇದ್ದರೆ ಒಮ್ಮೆ ಹೊರಗೆ ತೆಗೆಯಿರಿ. ಅದರ ಮೇಲಿರುವ ಶಾಲೆ, ತಾಲ್ಲೂಕು, ಜಿಲ್ಲೆ ಮೂರರಲ್ಲಿ ಇವತ್ತಿಗೂ ಅದೇ ಹೆಸರಿರುವುದು ಎಷ್ಟು ಎಂದು ಮೊಮ್ಮಕ್ಕಳಿಂದ ಎಣಿಸಿ.

ಜಿಲ್ಲಾ ಕೂಟ ಬರುವ ಗುರುವಾರ, ಮೈಸೂರಿನಲ್ಲಿ. ಮುಂಜಾನೆಯ ಮೊದಲ ಬಸ್ಸಿಗೇ ಹೊರಡಬೇಕು. ಅಂತರಸಂತೆ ಕಡೆಯ ಹುಡುಗಿ ಕೋಟೆಯಲ್ಲಿ ಹತ್ತಿಕೊಳ್ಳುತ್ತಾಳಂತೆ. ಅವಳಿಗೆ ಸೀಟು ಹಿಡಿದಿಡಬೇಕೆಂದು ನಮ್ಮವಳು ಈಗಲೇ ನನ್ನ ಟವಲ್ ಚೀಲಕ್ಕೆ ಹಾಕಿಕೊಂಡಿದ್ದಾಳೆ.